ದೊಡ್ಡೋರು ಬರುವ ದಾರಿ

ನವೆಂಬರ್ 29, 1987, ಭಾನುವಾರ

ಬೆಳಿಗ್ಗೆ ಮುನಿಕೃಷ್ಣಪ್ಪ ಬಂದಿದ್ದ. ಹತ್ತನೇ ಕ್ಲಾಸಿನಲ್ಲಿ ಸಂಧಿ ಬಿಡಿಸಲು ಬಾರದೆ ಬೆಂಚಿನ ಮೇಲೆ ನಿಂತವನು ಈಗ ಹೊಸೂರು ಕೋರ್ಟಿನಲ್ಲಿ ಕರಿಕೋಟು ಹಾಕಿಕೊಂಡು ವಾದ ಮಾಡುತ್ತಾನೆ. ನನ್ನ ಎದುರು ಮಾತ್ರ ಇನ್ನೂ ಕುರ್ಚಿಯ ತುದಿಯಲ್ಲೇ ಕೂರುತ್ತಾನೆ.

ಪೊಂಗಲ್ ಕಳೆದ ಮೇಲೆ ಕೃಷ್ಣಗಿರಿಯಲ್ಲಿ ವಕೀಲರ ಸಭೆಯಂತೆ. ಭಯೋತ್ಪಾದನೆಗೆಂದು ದಿಲ್ಲಿಯವರು ಬೇರೆಯೇ ಒಂದು ಕಾನೂನು ಮಾಡಿದ್ದಾರೆ. ಅದರಲ್ಲಿ ಸಿಕ್ಕಿಕೊಂಡರೆ ಜಾಮೀನು ಕಷ್ಟ, ವಿಚಾರಣೆಯೂ ಬೇರೆ ಕೋರ್ಟಿನಲ್ಲಿ. ಹಾಗೆ ಬೇರೆ ಕಾನೂನು ಬೇಡ, ಕಳ್ಳತನ, ಕೊಲೆ, ಮೋಸ ಎಲ್ಲ ಇರುವ ಹಳೆಯ ದಂಡಸಂಹಿತೆಯಲ್ಲೇ ಇದಕ್ಕೂ ಒಂದು ಕಲಮು ಬರೆದು, ಯಾವುದು ಭಯೋತ್ಪಾದನೆ, ಯಾವುದು ಅಲ್ಲ ಎಂದು ಬಿಡಿಸಿ ಹೇಳಿದರೆ ಸಾಕು ಎಂಬುದು ಇವನ ವಾದ. ಆ ಕಲಮನ್ನು ತಾನೇ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ನಾನು ಕನ್ನಡ ಮಾಡಿಕೊಡಬೇಕು.

"ನಮ್ ಕಡೆ ಜನಕ್ಕೂ ತಿಳೀಬೇಕಲ್ಲ ಟೀಚರ್. ನಿಮ್ಮನ್ನ ಬಿಟ್ರೆ ಇನ್ಯಾರು ಮಾಡ್ತಾರೆ" ಅಂದ. ಹೊಗಳಿದರೆ ಉಬ್ಬುವವಳು ಎಂದು ಇವನಿಗೆ ಆಗಿನಿಂದಲೂ ಗೊತ್ತು. ಆದರೂ ನಿಜವೇ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ನನಗೆ ಸಿಗದ ಮಾತಿಲ್ಲ. ಒಪ್ಪಿಕೊಂಡೆ.

ಭಯೋತ್ಪಾದನೆ ಎಂಬ ಪದವೇ ನನಗೆ ತಮಾಷೆ. ಉತ್ಪಾದನೆ ಎಂದರೆ ನಮ್ಮ ಹೊಸೂರಿನಲ್ಲಿ ಫ್ಯಾಕ್ಟರಿಯ ಮಾತು. ಭಯವನ್ನೂ ಸಿಪ್ಕಾಟ್ ಕಾರ್ಖಾನೆ ಬಡಾವಣೆಯಲ್ಲಿ ಮೂರು ಶಿಫ್ಟು ನಡೆಸಿ ತಯಾರಿಸುತ್ತಾರೇನೋ ಅನ್ನಿಸುತ್ತದೆ.

ಡಿಸೆಂಬರ್ 2

ಮುನಿಕೃಷ್ಣಪ್ಪ ಬಿಟ್ಟುಹೋದ ದಂಡಸಂಹಿತೆ ಓದುತ್ತಿದ್ದೇನೆ. ಇಷ್ಟು ರುಚಿಯಾದ ಪುಸ್ತಕ ಎಂದು ಯಾರೂ ಹೇಳಿರಲಿಲ್ಲ. ಕಲಮು ಬರೆದು ಸುಮ್ಮನಾಗುವುದಿಲ್ಲ, ಕೆಳಗೆ ದೃಷ್ಟಾಂತ ಕೊಡುತ್ತಾರೆ. ಕ ಎಂಬುವನು ಚ ಎಂಬುವನ ಉಂಗುರವನ್ನು ಹೊಳೆಗೆ ಎಸೆಯುತ್ತಾನೆ. ಕ ಎಂಬುವನು ಚ ಎಂಬುವನ ಹೊಲಕ್ಕೆ ದನ ನುಗ್ಗಿಸುತ್ತಾನೆ. ಕ ಈ ಅಪರಾಧ ಮಾಡಿದ್ದಾನೆ, ಅಥವಾ ಮಾಡಿಲ್ಲ. ಪಾಪ, ಆ ಚ ಯಾವ ಜನ್ಮದಲ್ಲಿ ಏನು ಪಾಪ ಮಾಡಿದ್ದನೋ, ಪುಟಪುಟಕ್ಕೂ ಪೆಟ್ಟು ತಿನ್ನುತ್ತಾನೆ. ಹೊಸ ಕಾನೂನಿನಲ್ಲಿ ದೃಷ್ಟಾಂತಗಳೇ ಇಲ್ಲವಂತೆ.

ಮುನಿಕೃಷ್ಣಪ್ಪನ ಕಲಮನ್ನು ಹೀಗೆ ಶುರು ಮಾಡಿದ್ದೇನೆ: "ಜನರಲ್ಲಿ, ಅಥವಾ ಜನರ ಯಾವುದಾದರೂ ಒಂದು ವರ್ಗದಲ್ಲಿ, ಭೀತಿ ಹುಟ್ಟಿಸುವ ಉದ್ದೇಶದಿಂದ ಸಿಡಿಮದ್ದನ್ನಾಗಲಿ ಆಯುಧವನ್ನಾಗಲಿ ಬಳಸುವವನು..." ಓದಿ ಹೇಳಿದಾಗ ಅಕ್ಕಯ್ಯಮ್ಮ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದವಳು ತಲೆ ಎತ್ತಿದಳು.

"ಆಯುಧ ಅಂದ್ರೆ ಬೆತ್ತಾನೂ ಸೇರ್ತದಾ? ಹಂಗಾದ್ರೆ ಮೊದ್ಲು ನಿನ್ನನ್ನೇ ಹಿಡ್ಕೊಂಡು ಹೋಗ್ತಾರೆ ಕಣೆ. ಎಂಟನೇ ಕ್ಲಾಸು ಅನ್ನೋದೂ ಒಂದು ವರ್ಗವೇ ಅಲ್ವಾ?"

ಒಡಹುಟ್ಟಿದವಳೆಂದರೆ ಹೀಗೆ. ಆದರೆ ಅವಳ ಪ್ರಶ್ನೆ ತಲೆಯಲ್ಲಿ ಉಳಿದುಕೊಂಡಿತು. ಎಲ್ಲಿಗೆ ಬೇಲಿ ಹಾಕಬೇಕು ಎಂಬುದೇ ಇದರ ಮಜಾ.

ಡಿಸೆಂಬರ್ 11

ಇಷ್ಟು ಬೇಗ ಒಂದು ಜೀವಂತ ದೃಷ್ಟಾಂತ ಸಿಗುತ್ತದೆ ಎಂದು ಎಣಿಸಿರಲಿಲ್ಲ. ಜವಳಗಿರಿಯ ಹತ್ತಿರ ಕಾಡಂಚಿನ ಹಳ್ಳಿಯ ರೈತನೊಬ್ಬನನ್ನು ಪೋಲೀಸರು ಹಿಡಿದಿದ್ದಾರೆ. ಸಂಜೆ ರಸ್ತೆ ಪಕ್ಕ ನಾಟುಬಾಂಬು ಸಿಡಿಸಿದನಂತೆ. ಅದೇ ಹೊತ್ತಿಗೆ ಒಬ್ಬ ಎಸ್ಟೇಟ್ ಯಜಮಾನರ ಜೀಪು ಬಂದು, ಮುಂದಿನ ಗಾಜು ಬಿರುಕು ಬಿಟ್ಟಿದೆ. ಯಾರಿಗೂ ಗಾಯವಿಲ್ಲ. ಆರೋಪಿಯ ವಕೀಲ ನಮ್ಮ ಮುನಿಕೃಷ್ಣಪ್ಪ. ಹೊಸ ಕಾನೂನನ್ನೂ ಸೇರಿಸಿ ಕೇಸನ್ನು ದೂರದ ಕೋರ್ಟಿಗೆ ಕಳಿಸಬೇಕು ಎಂದು ಪೋಲೀಸರು ಮ್ಯಾಜಿಸ್ಟ್ರೇಟರ ಹತ್ತಿರ ಸಮಯ ಕೇಳಿದ್ದಾರೆ. ಹಾಗಾದರೆ ವರ್ಷಗಟ್ಟಲೆ ಹೊರಗೆ ಬರಲಾರ.

ಆರೋಪಿಗೆ ಕನ್ನಡವೇ ಬಾಯಿಗೆ ಬರುವುದು. ಠಾಣೆಯಲ್ಲಿ ಬರೆದುಕೊಂಡವರು ತಮಿಳುನಾಡಿನ ದಕ್ಷಿಣ ತುದಿಯ ರಾಮನಾಥಪುರದ ಕಡೆಯವರು, ತಮಿಳಿನಲ್ಲಿ ಬರೆದಿದ್ದಾರೆ. ಮುನಿಕೃಷ್ಣಪ್ಪ ತೋರಿಸಿದ ಆ ಹೇಳಿಕೆಯನ್ನು ತಿರುಗಿ ಕನ್ನಡ ಮಾಡಿದರೆ ಹೀಗಾಗುತ್ತದೆ:

ಬಾಂಬು ಯಾಕೆ ಮಾಡಿದೆ? ದೊಡ್ಡವರನ್ನು ಬೆದರಿಸಲು. ಅವರು ಆ ದಾರಿಯಲ್ಲಿ ಬರುತ್ತಾರೆಂದು ಗೊತ್ತಿತ್ತೆ? ಗೊತ್ತಿತ್ತು, ನಮ್ಮ ಮುತ್ತಾತನ ಕಾಲದಿಂದಲೂ ಅದು ಅವರದೇ ದಾರಿ. ಅವರು ನಿನಗೆ ಏನು ಮಾಡಿದ್ದಾರೆ? ನಾವು ಬೆಳೆದದ್ದನ್ನೆಲ್ಲ ತಿಂದರು, ನಮ್ಮಪ್ಪನನ್ನು ತುಳಿದರು. ನಿನ್ನ ಜೊತೆ ಯಾರಿದ್ದಾರೆ? ಊರೆಲ್ಲ ಇದೆ.

ಓದಿ ನನಗೆ ಮೈ ಜುಂ ಅಂದಿತು. ಹಿಂದೆ ಈ ಜಿಲ್ಲೆಯಲ್ಲಿ ಗೋಡೆಗಳ ಮೇಲೆ ಕೆಂಪು ಅಕ್ಷರದಲ್ಲಿ ಬರೆಯುತ್ತಿದ್ದ ನಕ್ಸಲರ ಮಾತೂ ಇಷ್ಟು ನೇರವಾಗಿರಲಿಲ್ಲ. ದೊಡ್ಡವರು ಎನ್ನುವುದು ಖಂಡಿತವಾಗಿ ಜನರ ಒಂದು ವರ್ಗ. ಭೀತಿ ಇದೆ, ಮದ್ದು ಇದೆ, ಉದ್ದೇಶವನ್ನು ತಾನೇ ಬಾಯಿಬಿಟ್ಟು ಹೇಳಿದ್ದಾನೆ. ಇಡೀ ಕಲಮು ಅಳತೆ ಕೊಟ್ಟು ಹೊಲಿಸಿದ ರವಿಕೆಯ ಹಾಗೆ ಇವನಿಗೆ ಕೂರುತ್ತದೆ. ಮುನಿಕೃಷ್ಣಪ್ಪನ ಮುಖ ಬಾಡಿತ್ತು. ನನಗೆ, ಸುಳ್ಳೇಕೆ, ಕುತೂಹಲವೇ ಹೆಚ್ಚು.

ಡಿಸೆಂಬರ್ 13, ಭಾನುವಾರ

ಆರೋಪಿಯ ಹೆಂಡತಿ ಕೊಂಡಮ್ಮ ಸಬ್‌ಜೈಲಿಗೆ ಬುತ್ತಿ ಕೊಟ್ಟು ಬಂದಳು. ಬಸ್ಸಿಗೆ ಹೊತ್ತಿದೆ ಎಂದು ಮುನಿಕೃಷ್ಣಪ್ಪ ನಮ್ಮ ಮನೆಗೆ ಕಳಿಸಿದ್ದ. ಅಕ್ಕಯ್ಯಮ್ಮ ಮುದ್ದೆ ಹಾಕಿದಳು. ಕೊಂಡಮ್ಮ ಅರ್ಧ ತಿಂದು ಕೈ ತೊಳೆದು ಎದ್ದುಬಿಟ್ಟಳು.

"ಹೊತ್ತಾಯ್ತು ಕಣಮ್ಮ. ದೊಡ್ಡೋರು ಬರೋ ಹೊತ್ತು. ಹೊಲದಾಗೆ ನಮ್ಮತ್ತೆ ಒಬ್ಳೇ ಅವ್ಳೆ."

"ಯಾರಮ್ಮ ಆ ದೊಡ್ಡೋರು? ಎಸ್ಟೇಟಿನವರಾ?"

ಅವಳು ನನ್ನನ್ನು ಒಂದು ಥರಾ ನೋಡಿದಳು. ಪಾಠ ಬಾರದ ಮಗುವನ್ನು ನಾನು ನೋಡುವುದು ಹಾಗೆಯೇ. ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ, ಗಣೇಶನ ಸೊಂಡಿಲ ಮೇಲೆ ಬೆರಳಿಟ್ಟು, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು.

"ಆನೇನಾ?" ಅಂದೆ, ಗಟ್ಟಿಯಾಗಿಯೇ.

ಕೊಂಡಮ್ಮ ತೂ ತೂ ಎಂದು ಬಾಗಿಲಾಚೆ ಉಗಿದಳು. "ಸುಗ್ಗೀಲಿ ಹೆಸ್ರು ಹಿಡೀಬಾರ್ದು ಟೀಚರಮ್ಮ. ಹೆಸ್ರು ಹಿಡಿದ್ರೆ ಕರೆದಂಗೆ. ಕರೆದ್ರೆ ಬರ್ದೇ ಇರ್ತಾರಾ?"

ಅಕ್ಕಯ್ಯಮ್ಮನಿಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ. "ನಾವು ಸಿಡುಬನ್ನ ಅಮ್ಮ ಅಂತಿರಲಿಲ್ವಾ" ಅಂದಳು. ನಾವು ಬಾಗಲೂರಿನ ಬಯಲಿನವರು, ನಮಗೆ ಆನೆ ಎಂದರೆ ಸರ್ಕಸ್ಸಿನದು. ಮೂವತ್ತು ವರ್ಷ ಮೇಷ್ಟರಗಿರಿ ಮಾಡಿ, ಇಪ್ಪತ್ತು ಮೈಲಿ ಆಚೆಯ ಒಂದು ಮಾತು ನನಗೆ ಗೊತ್ತಿರಲಿಲ್ಲ. ಪೋಲೀಸಿನವನನ್ನು ಬೈಯುವಂತಿಲ್ಲ, ನಾನೂ ಎಸ್ಟೇಟಿನವರೇ ಎಂದುಕೊಂಡೆನಲ್ಲ.

ಆನೆ. ಎಲ್ಲವೂ ಆನೆ. ಬೆಳೆ ತಿಂದದ್ದು, ಅಪ್ಪನನ್ನು ತುಳಿದದ್ದು, ಮುತ್ತಾತನ ಕಾಲದ ದಾರಿ. ಒಬ್ಬಳೇ ಕೂತು ನಕ್ಕೆ. ಅಪ್ಪನನ್ನು ತುಳಿದದ್ದು ಎಂದು ಮತ್ತೊಮ್ಮೆ ನೆನೆದಾಗ ನಗು ನಿಂತಿತು.

ಡಿಸೆಂಬರ್ 16

ಇದು ಸುಲಭವಾಗಿ ಮುಗಿಯಿತು ಎಂದುಕೊಂಡೆ, ಮುಗಿದಿಲ್ಲ. ಮುನಿಕೃಷ್ಣಪ್ಪನ ಜೊತೆ ಸಬ್‌ಜೈಲಿಗೆ ಹೋಗಿದ್ದೆ. ಆರೋಪಿಯ ಹೆಸರು ಕದಿರಪ್ಪ. ಉದ್ದನೆಯ ಆಳು, ದೊಡ್ಡ ಕಿವಿ, ಮಾತು ಮೆಲ್ಲಗೆ. ಮ್ಯಾಜಿಸ್ಟ್ರೇಟರ ಮುಂದೆ ಆ ಒಂದು ಮಾತು ಹೇಳಿಬಿಡಪ್ಪ, ಎಲ್ಲ ಸರಿಹೋಗುತ್ತದೆ ಎಂದೆ.

"ಆಗಲ್ಲ ಟೀಚರಮ್ಮ. ಕೊಯ್ದ ರಾಗಿ ಹೊಲದಾಗೇ ಬಿದ್ದೈತೆ. ಅವ್ವ, ಕೊಂಡಿ ಇಬ್ರೇ ಕಾಯ್ತಾವ್ರೆ. ನಾನಿಲ್ಲಿ ಬೆಚ್ಗೆ ಕುಂತ್ಕಂಡು ಹೆಸ್ರು ಹಿಡಿದ್ರೆ ಅಲ್ಲಿ ಅವ್ರ ಗತಿಯೇನು? ಕಣ ಮುಗ್ದು ರಾಗಿ ಮನೆ ಸೇರ್ಲಿ. ಆಮ್ಯಾಕೆ ಎಷ್ಟು ಸಲ ಬೇಕಾದ್ರೂ ಹೇಳ್ತೀನಿ."

"ತಮಿಳಿನಲ್ಲಿ ಹೇಳು."

"ತಮಿಳ್ನಾಗೂ ಅದೇ ಅಲ್ವಾ, ಕೊನೇಗೆ ಒಂಚೂರು ಎಳೀತಾರೆ ಅಷ್ಟೆ. ಅಷ್ಟು ತಿಳಿಯಲ್ವಾ ಅವ್ರಿಗೆ?"

"ತೆಲುಗು?"

"ಆಂಧ್ರದ ಕುಪ್ಪದ ಕಡೀಕೂ ಹೋಗ್ಬತ್ತಾರೆ."

"ಇಂಗ್ಲಿಷು?"

ಇದನ್ನು ಅವನು ನಿಜವಾಗಿಯೂ ಯೋಚಿಸಿದ. "ಇಂಗ್ಲೀಸು ನಂಗೆ ಬರಲ್ಲ" ಅಂದ, ಬೇಸರದಿಂದ.

ಹೊರಗೆ ಬಂದು ನೀನೇ ಹೇಳಬಹುದಲ್ಲ ಎಂದು ಮುನಿಕೃಷ್ಣಪ್ಪನನ್ನು ಕೇಳಿದೆ. "ನಾನು ಹೇಳಿದ್ರೆ ವಕೀಲನ ಕಟ್ಟುಕಥೆ ಅಂತಾರೆ ಟೀಚರ್. ಊರೋರನ್ನ ಸಾಕ್ಷಿಗೆ ಕರೆದ್ರೆ ಅವ್ರೂ ಬಾಯಿ ಬಿಡಲ್ಲ. ಅವನ ಬಾಯಿಂದ್ಲೇ ಬರ್ಬೇಕು" ಅಂದ. ಬರುವ ಇಪ್ಪತ್ತನಾಲ್ಕಕ್ಕೆ ಮ್ಯಾಜಿಸ್ಟ್ರೇಟರು ಅವನನ್ನೇ ಕೇಳುತ್ತಾರಂತೆ. ಕೋರ್ಟಿನಲ್ಲಿ ಕನ್ನಡ ತಿಳಿದ ಗುಮಾಸ್ತ ರಜೆ. ಭಾಷಾಂತರಕ್ಕೆ ಇವನು ನನ್ನ ಹೆಸರು ಕೊಟ್ಟಿದ್ದಾನೆ, ಸರ್ಕಾರಿ ಶಾಲೆಯವರು ಎಂದು ಮ್ಯಾಜಿಸ್ಟ್ರೇಟರೂ ಒಪ್ಪಿದ್ದಾರೆ. ನನ್ನ ಕೆಲಸ ನಲ್ಲಿಯ ಪೈಪಿನಂತೆ, ಆಚೆ ಬಿದ್ದದ್ದನ್ನು ಈಚೆ ಬಿಡುವುದು. ಸೇರಿಸುವಂತಿಲ್ಲ, ಬಿಡುವಂತಿಲ್ಲ. ಅಷ್ಟೇ ತಾನೆ.

ಡಿಸೆಂಬರ್ 24, ಗುರುವಾರ

ಮದ್ರಾಸಿನಲ್ಲಿ ಮುಖ್ಯಮಂತ್ರಿ ತೀರಿಕೊಂಡರು. ಎಲ್ಲ ಬಂದ್. ಮ್ಯಾಜಿಸ್ಟ್ರೇಟರು ಮನೆಯಲ್ಲೇ ರುಜು ಹಾಕಿ ಕದಿರಪ್ಪನ ವಿಷಯವನ್ನು ಜನವರಿ ಆರಕ್ಕೆ ಮುಂದಕ್ಕೆ ಹಾಕಿದರಂತೆ. ಹೊಲದಲ್ಲಿ ರಾಗಿ ಬಿದ್ದಿದೆ. ಅದಕ್ಕೆ ಯಾರು ವಾಯಿದೆ ಕೊಡುತ್ತಾರೆ?

ಡಿಸೆಂಬರ್ 25

ನಿನ್ನೆಯ ಇನ್ನೊಂದು ಸಂಗತಿ ಬರೆಯದೆ ಬಿಟ್ಟಿದ್ದೆ. ಕೋರ್ಟಿಗೆಂದು ಬಾಗಲೂರಿನಿಂದ ಬರುತ್ತಿದ್ದಾಗ ನಮ್ಮ ಬಸ್ಸಿಗೆ ಕಲ್ಲು ಬಿತ್ತು. ಸೀಟಿನ ಕೆಳಗೆ ಮುದುರಿಕೊಂಡೆ. ಪಕ್ಕದ ಹೆಂಗಸಿನ ಬುಟ್ಟಿಯ ಟೊಮೇಟೊ ಎಲ್ಲ ನನ್ನ ಸೀರೆಗೆ. ಇಣುಕಿ ನೋಡಿದರೆ ಕಲ್ಲು ಹಿಡಿದಿದ್ದವನು ಬಿಕ್ಕಿಬಿಕ್ಕಿ ಅಳುತ್ತಿದ್ದ, ಹೆತ್ತ ತಂದೆ ಸತ್ತವನ ಹಾಗೆ. ನನಗೆ ಆದದ್ದು ಮಾತ್ರ ಭೀತಿಯೇ, ಅದಕ್ಕೆ ಬೇರೆ ಹೆಸರಿಲ್ಲ.

ಈಗ ಕೂತು ಯೋಚಿಸುತ್ತೇನೆ. ಭೀತಿ ಹುಟ್ಟಿತು, ಆದರೆ ಹುಟ್ಟಿಸುವ ಉದ್ದೇಶ ಅವನಿಗಿತ್ತೆ? ಅವನಿಗೆ ದುಃಖವಿತ್ತು, ಕೈಗೆ ಕಲ್ಲು ಸಿಕ್ಕಿತ್ತು. ಹಳೆಯ ಕಲಮುಗಳಲ್ಲೇ ಅವನಿಗೆ ಶಿಕ್ಷೆ ಇದೆ, ಗಾಜು ಒಡೆದದ್ದಕ್ಕೆ. ಭಯ ಬಿದ್ದವರನ್ನು ಕೇಳಿ ಬರೆದರೆ ಅವನೂ ಭಯೋತ್ಪಾದಕ. ಭಯ ಬಿದ್ದವರನ್ನು ಕೇಳದೆಯೇ ಬರೆಯುವುದೂ ಸರಿಯಲ್ಲ. "ಉದ್ದೇಶ" ಎಂಬ ಪದವನ್ನು ಕರಡಿನಲ್ಲಿ ಗೆರೆ ಎಳೆದು ಇಟ್ಟಿದ್ದೇನೆ. ಅದನ್ನು ತಿಳಿಯಲು ಮನುಷ್ಯನ ಮಾತೊಂದೇ ದಾರಿ, ಆ ಮಾತೇ ದಾರಿಯಲ್ಲಿ ಕೆಟ್ಟರೆ?

ಜನವರಿ 2, 1988

ಕೊಂಡಮ್ಮ ಬಂದಿರಲಿಲ್ಲ. ಬುತ್ತಿ ನಾನೇ ಕೊಟ್ಟುಬಂದೆ.

ಜನವರಿ 6

ಇದನ್ನು ಪೂರ್ತಿ ಬರೆಯಬೇಕು.

ಕೋರ್ಟಿನ ಹಾಲ್ ನಮ್ಮ ಶಾಲೆಯ ಏಳನೇ ಕ್ಲಾಸಿನಷ್ಟು ದೊಡ್ಡದು. ಮ್ಯಾಜಿಸ್ಟ್ರೇಟರು ತಿರುನೆಲ್ವೇಲಿಯವರು, ಇನ್ನೂ ಮೀಸೆಯಲ್ಲಿ ಒಂದು ಬಿಳಿ ಇಲ್ಲ. ಪ್ರಮಾಣ ಮಾಡಿಸಿ, "ಅವನು ಹೇಳಿದ್ದನ್ನಷ್ಟೇ ಹೇಳಿ ಟೀಚರ್, ವ್ಯಾಖ್ಯಾನ ಬೇಡ" ಎಂದರು. ಕೊಂಡಮ್ಮ ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಳು.

ಬಾಂಬು ಯಾರಿಗಾಗಿ ಮಾಡಿದೆ ಎಂದು ಅವರು ತಮಿಳಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಕೇಳಿದೆ. ಕದಿರಪ್ಪ ಹೆಂಡತಿಯ ಕಡೆ ಒಮ್ಮೆ ನೋಡಿ, "ದೊಡ್ಡೋರ್ನ ಬೆದರ್ಸೋಕೆ ಸಾಮಿ" ಅಂದ.

ಬಾಯಿ ತೆರೆದೆ. ದೊಡ್ಡ ಮನುಷ್ಯರು ಎನ್ನಲು ಹೇಳುವ "ಪೆರಿಯವಂಗ" ಎಂಬ ತಮಿಳು ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ಯಾರು ಕೇಳಿದರೂ ಅದೇ ಸರಿಯಾದ ಪದ ಎನ್ನುತ್ತಾರೆ, ಯಾವ ನಿಘಂಟೂ ಅದನ್ನೇ ಹೇಳುತ್ತದೆ. ಅದನ್ನು ಹೇಳಿದರೆ ಇವನು ಮುಗಿದ. ಆ ಪ್ರಾಣಿಯ ಹೆಸರು ಹೇಳಿದರೆ ಅವನು ಹೇಳದ್ದನ್ನು ನಾನು ಹೇಳಿದಂತೆ. "ಅವನು ಬೆದರಿಸಲು ಮಾಡಿದ್ದು, ದೊಡ್ಡೋರನ್ನು" ಎಂದು ಆ ಪದವನ್ನು ಹಾಗೆಯೇ ಕನ್ನಡದಲ್ಲಿ ಬಿಟ್ಟೆ.

ಸರ್ಕಾರಿ ವಕೀಲರು ಎದ್ದರು. ಟೀಚರಮ್ಮ ಒಂದು ಪದ ನುಂಗಿದರು ಎಂದರು. ಮ್ಯಾಜಿಸ್ಟ್ರೇಟರು ನನ್ನತ್ತ ತಿರುಗಿ ಯಾಕೆ ಎಂದು ಕೇಳಿದರು.

"ಆ ಪದಕ್ಕೆ ತಮಿಳು ನನಗೆ ಬರುವುದಿಲ್ಲ ಅಯ್ಯಾ" ಎಂದೆ.

ಹಿಂದಿನ ಬೆಂಚಿನಲ್ಲಿ ನನ್ನ ಕೈಲಿ ಕಲಿತವರು ಇಬ್ಬರು ಮೂವರಿದ್ದರು. ಶ್ಯಾಮಲಮ್ಮ ಟೀಚರಿಗೆ ಒಂದು ಪದ ಬರುವುದಿಲ್ಲ ಎಂಬುದನ್ನು ಅವರು ಇವತ್ತೇ ಕೇಳಿದ್ದು. ಕಿವಿ ಬಿಸಿಯಾಯಿತು. ಮ್ಯಾಜಿಸ್ಟ್ರೇಟರು ಪೆನ್ನು ತಿರುಗಿಸುತ್ತಾ, ಅವರು ಯಾರು, ಹೆಸರು ಹೇಳು ಎಂದು ಅವನನ್ನೇ ಕೇಳಿದರು. ಅವನು ತಲೆ ತಗ್ಗಿಸಿದ. ನೋಡಿ, ಯಾರನ್ನೋ ಮುಚ್ಚಿಡುತ್ತಿದ್ದಾನೆ ಎಂದರು ಸರ್ಕಾರಿ ವಕೀಲರು.

"ಎಷ್ಟು ಜನ ಬರುತ್ತಾರೆ?" ಎಂದರು ಮ್ಯಾಜಿಸ್ಟ್ರೇಟರು.

"ಒಂದು ಹತ್ತೋ ಹನ್ನೆರಡೋ ಸಾಮಿ. ಅದ್ರಾಗೆ ಒಂದು ಮರಿ."

ನಾನು ತಮಿಳಿನಲ್ಲಿ "ಕುಟ್ಟಿ" ಎಂದೆ. ಪ್ರಾಣಿಯ ಮರಿಗೆ ಅದೇ ಸರಿಯಾದ ಪದ, ನನ್ನದೇನೂ ಸೇರಿಸಲಿಲ್ಲ. ಮ್ಯಾಜಿಸ್ಟ್ರೇಟರ ಪೆನ್ನು ನಿಂತಿತು. ಕದಿರಪ್ಪನ ಮುಖ ನೋಡಿದರು, ಬಾಗಿಲಲ್ಲಿ ಕೈಮುಗಿದು ಕಣ್ಣು ಮುಚ್ಚಿದ್ದ ಕೊಂಡಮ್ಮನನ್ನು ನೋಡಿದರು. ಆಮೇಲೆ ಬಹಳ ಗೌರವದಿಂದ ಕೇಳಿದರು:

"ಅವರಿಗೆ ಬಾಲ ಇದೆಯೇ?"

ಹಾಲ್ ಪೂರ್ತಿ ನಕ್ಕಿತು. ನಾನು ನಗದೆ ಕನ್ನಡದಲ್ಲಿ ಕೇಳಿದೆ. ಕದಿರಪ್ಪನೂ ನಗಲಿಲ್ಲ.

"ಐತೆ ಸಾಮಿ. ಚಿಕ್ಕದು."

ಮ್ಯಾಜಿಸ್ಟ್ರೇಟರು ಇಂಗ್ಲಿಷಿನಲ್ಲಿ ಏನನ್ನೋ ಬರೆದುಕೊಂಡರು. ಸರ್ಕಾರಿ ವಕೀಲರು ಅದೇನೆಂದು ಕೇಳಿದಾಗ ಹಾಳೆಯನ್ನು ತಿರುಗಿಸಿ ತೋರಿಸಿದರೇ ಹೊರತು ಬಾಯಲ್ಲಿ ಹೇಳಲಿಲ್ಲ. ಹೊಸ ಕಾನೂನಿಗೆ ಇಲ್ಲಿ ಆಧಾರವಿಲ್ಲ ಎಂದು ಜಾಮೀನು ಕೊಟ್ಟರು. ಪರವಾನಗಿಯಿಲ್ಲದ ಮದ್ದಿನ ಕೇಸು ಉಳಿಯಿತು. ಅದು ನ್ಯಾಯವೇ, ಗಾಜಿನ ಬದಲು ಯಾರ ಕಣ್ಣಾದರೂ ಹೋಗಬಹುದಿತ್ತು.

ರುಜು ಹಾಕಲು ಒಳಗೆ ಹೋದಾಗ ಹೇಳಿದರು. ಅವರ ಊರಿನಲ್ಲಿ ದೀಪ ಹಚ್ಚಿದ ಮೇಲೆ ಹಾವನ್ನು ಹಾವು ಎನ್ನುವುದಿಲ್ಲ, ಹುಳ ಎನ್ನುತ್ತಾರೆ. ಅವರಮ್ಮ ಈಗಲೂ ಹಾಗೆಯೇ. ನನಗೆ ಅವರ ಅಮ್ಮನನ್ನು ನೋಡಬೇಕು ಅನ್ನಿಸಿತು. ಹೊರಗೆ ಬಂದು ಮುನಿಕೃಷ್ಣಪ್ಪನ ಮುಂದೆಯೇ ಅತ್ತುಬಿಟ್ಟೆ, ಸಂತೋಷಕ್ಕೆ.

ಜನವರಿ 17, ಭಾನುವಾರ

ಕದಿರಪ್ಪನ ಊರಿಗೆ ಹೋಗಿಬಂದೆ. ಹಬ್ಬಕ್ಕೆ ಬನ್ನಿ ಎಂದು ಕರೆದಿದ್ದರು, ಹಬ್ಬ ಮುಗಿದ ಮೇಲೆ ಹೋದೆ. ಅವರೆಕಾಳು ಸಾರು, ಮುದ್ದೆ. ಕದಿರಪ್ಪ ಸೊರಗಿದ್ದಾನೆ.

ಅವನು ಬಿಡುಗಡೆಯಾಗಿ ಬರುವಷ್ಟರಲ್ಲಿ ಹೊಲದ ಅರ್ಧ ರಾಗಿ ಹೋಗಿತ್ತು. ನಾನು ಬುತ್ತಿ ಕೊಟ್ಟ ದಿನ ಕೊಂಡಮ್ಮ ಬಾರದಿದ್ದದ್ದು ಅದಕ್ಕೆ. ದೊಡ್ಡವರು ಹಗಲು ಜಾರುವ ಮೊದಲೇ ಹೊಲಕ್ಕೆ ಇಳಿದು, ನಿಧಾನವಾಗಿ ತಿಂದು, ಹೊರಡುವಾಗ ಅಟ್ಟಣೆಯನ್ನು ಕೆಡವಿ ಹೋಗಿದ್ದಾರೆ. ಅತ್ತೆ ಮೇಲಿದ್ದಳು. ಸೊಂಟ ಮುರಿದು ಮಲಗಿದ್ದಾಳೆ, ಇನ್ನು ಎದ್ದು ಓಡಾಡುವುದಿಲ್ಲ ಎಂದಿದ್ದಾರೆ ಡಾಕ್ಟರು. ನನಗೆ ಯಾರೂ ಹೇಳಿರಲಿಲ್ಲ. ಕೋರ್ಟಿನಲ್ಲಿ ಕಣ್ಣು ಮುಚ್ಚಿ ಕೈಮುಗಿದಿದ್ದಾಗ ಕೊಂಡಮ್ಮನಿಗೆ ಇದು ಗೊತ್ತಿತ್ತು, ಗಂಡನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಅವನು ಎಲ್ಲಿ ರೊಚ್ಚಿಗೆದ್ದು ಹೆಸರು ಹಿಡಿದುಬಿಡುತ್ತಾನೋ ಎಂದು ಹೆದರಿದ್ದಳಂತೆ.

"ಊರಿನಲ್ಲಿ ಬೇರೆ ಯಾರೂ ಮದ್ದು ಹಾರಿಸಲಿಲ್ಲವೇ? ಒಂದು ಪಟಾಕಿಯಾದರೂ?" ಎಂದು ಕೇಳಿದೆ.

"ಯಾರು ಹಾರಿಸ್ತಾರೆ ಟೀಚರಮ್ಮ" ಅಂದಳು ಕೊಂಡಮ್ಮ. "ಇವ್ರನ್ನ ಹಿಡ್ಕೊಂಡೋದ್ಮೇಲೆ ಮನೆಮನೇಲೂ ಇದ್ದ ಪಟಾಕಿ ಎಲ್ಲಾ ಬಾವಿಗೆ ಹಾಕ್ಬುಟ್ರು. ತಗಡು ಬಡಿಯೋಕೂ ಕೈ ಬರ್ಲಿಲ್ಲ. ಈಗ್ಲೂ ಅಷ್ಟೇಯ. ಬೆದರ್ಸೋಕೇ ಭಯ."

ಬೀದಿಯಲ್ಲಿ ನಡೆದು ಬರುವಾಗ ಜನ ಬಾಗಿಲ ಹಿಂದೆ ನಿಂತು ನನ್ನನ್ನು ನೋಡಿದರು. ಕೋರ್ಟಿನವಳು ಎಂದು ಹೆದರಿದರೇನೋ. ಜನರ ಒಂದು ವರ್ಗ. ಕರಡಿನಲ್ಲಿ ಆ ಮಾತನ್ನು ಬರೆದಾಗ ನನ್ನ ಕಣ್ಣ ಮುಂದೆ ಯಾರೂ ಇರಲಿಲ್ಲ.

ಬಸ್ಸು ಕಾಡಿನ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತಿತು. ಯಾಕೆ ನಿಂತಿದೆ ಎಂದು ಹಿಂದಿನ ಸೀಟಿನವರು ಕೇಳಿದರು, ದೊಡ್ಡವರು ದಾಟುತ್ತಿದ್ದಾರೆ ಎಂದೆ. ಮರಿ ಕೊನೆಯಲ್ಲಿತ್ತು.

ಜನವರಿ 20

ಕೃಷ್ಣಗಿರಿಯ ಸಭೆ ಬರುವ ಭಾನುವಾರ. ಮುನಿಕೃಷ್ಣಪ್ಪ ಕರಡು ತೆಗೆದುಕೊಂಡು ಹೋಗಲು ಬಂದಿದ್ದ. ಕಲಮಿನಲ್ಲಿ ನಾನು ಹೆಚ್ಚೇನೂ ಬದಲಿಸಿಲ್ಲ. ಆರೋಪಿಯ ಉದ್ದೇಶವನ್ನು ಅವನದೇ ಭಾಷೆಯಲ್ಲಿ, ಅವನ ಊರಿನ ಮಾತು ಬಲ್ಲವರ ಮುಂದೆ ಕೇಳಬೇಕು ಎಂದು ಒಂದು ಸಾಲು ಸೇರಿಸಿದ್ದೇನೆ. ಅದು ಕಲಮಿನಲ್ಲಿ ನಿಲ್ಲುವುದಿಲ್ಲ ಎಂದ, ಆದರೂ ಸಭೆಯಲ್ಲಿ ಓದುತ್ತಾನಂತೆ. ಕೆಳಗೆ ದಂಡಸಂಹಿತೆಯ ಪದ್ಧತಿಯಲ್ಲಿ ಒಂದು ದೃಷ್ಟಾಂತವನ್ನೂ ಬರೆದಿದ್ದೆ. ಅದನ್ನು ಗಟ್ಟಿಯಾಗಿ ಓದಿದ:

"ಕ ಎಂಬುವನು ತನ್ನ ರಾಗಿಯನ್ನು ಉಳಿಸಿಕೊಳ್ಳಲು, ದೊಡ್ಡವರನ್ನು ಬೆದರಿಸುವ ಉದ್ದೇಶದಿಂದ ಮದ್ದು ಸಿಡಿಸುತ್ತಾನೆ. ದಾರಿಯಲ್ಲಿ ಹೋಗುತ್ತಿದ್ದ ಚ ಹೆದರುತ್ತಾನೆ. ಕ ಬೇರೆ ಅಪರಾಧ ಮಾಡಿರಬಹುದು, ಈ ಅಪರಾಧ ಮಾಡಿಲ್ಲ."

"ಚೆನ್ನಾಗೈತೆ ಟೀಚರ್" ಅಂದ. ಆಮೇಲೆ ತಲೆ ಕೆರೆದುಕೊಂಡ. "ಆದ್ರೆ ದೊಡ್ಡೋರು ಅಂತ್ಲೇ ಬರ್ದಿದ್ದೀರಲ್ಲ. ಈ ಪದದಿಂದ್ಲೇ ಅಲ್ವಾ ಇಷ್ಟೆಲ್ಲ ಆಗಿದ್ದು? ಕಾನೂನು ಅಂದ್ಮೇಲೆ ಅದ್ರ ಹೆಸ್ರು ಹಾಕ್ಬೇಕು."

ನೋಡಿದರೆ ನಿಜ, ಹಾಗೆಯೇ ಬರೆದಿದ್ದೆ. ತಿದ್ದಲು ಪೆನ್ನು ತೆಗೆದುಕೊಂಡೆ, ಮುಚ್ಚಳವನ್ನೂ ತೆರೆದೆ. ಅಳಿದುಳಿದ ರಾಗಿಯನ್ನು ಕಣಕ್ಕೆ ಹಾಕುತ್ತಿದ್ದೇವೆ ಎಂದು ಕೊಂಡಮ್ಮ ಬಸ್ ಕಂಡಕ್ಟರನ ಕೈಲಿ ನಿನ್ನೆಯಷ್ಟೇ ಹೇಳಿಕಳಿಸಿದ್ದಳು.

"ರಾಗಿ ಮನೆ ಸೇರ್ಲಿ ಕಣಪ್ಪ" ಎಂದೆ. "ಆಮೇಲೆ ತಿದ್ದಿಕೊಡ್ತೀನಿ."